ಟ್ಯಾಬ್ ಮೊದಲೋ, ತರಬೇತಿ ಮೊದಲೋ: ಹೆರಿಗೆ ಕೋಣೆಯ ಬಗ್ಗೆ ಬಂದ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನಾನು ನಿವೃತ್ತ ಶಿಕ್ಷಕಿ. ಜಮಖಂಡಿ ಭಾಗದ ಒಂದು ಸಮುದಾಯ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸದಸ್ಯೆಯಾಗಿದ್ದೇನೆ. ನಮ್ಮ ಹೆರಿಗೆ ವಿಭಾಗಕ್ಕೆ ಊರಿನ ದಾನಿಗಳೊಬ್ಬರು ಒಂದಿಷ್ಟು ಹಣ ಕೊಡಲು ಮುಂದೆ ಬಂದಿದ್ದಾರೆ. ಟ್ಯಾಬ್, ಕಂಪ್ಯೂಟರ್ ಕೊಂಡು ದಾಖಲೆಗಳನ್ನೆಲ್ಲ ಡಿಜಿಟಲ್ ಮಾಡೋಣ ಎಂದು ಕೆಲವರೂ, ಸಿಸ್ಟರ್‌ಗಳನ್ನು ತರಬೇತಿಗೆ ಕಳಿಸೋಣ ಎಂದು ಕೆಲವರೂ ಹೇಳುತ್ತಿದ್ದಾರೆ. ಸಿಸ್ಟರ್‌ಗಳು ಮಾತ್ರ, "ಈಗಲೇ ಅರ್ಧ ಡ್ಯೂಟಿ ಬರೆಯುವುದರಲ್ಲಿ ಹೋಗುತ್ತದೆ, ಇನ್ನೊಂದು ಬರವಣಿಗೆ ಹಚ್ಚಬೇಡಿರಿ" ಎನ್ನುತ್ತಾರೆ. ಯಾವುದು ಮೊದಲು ಆಗಬೇಕು? ಖರ್ಚು ಮಾಡಿದ್ದು ತಾಯಂದಿರಿಗೆ ಉಪಯೋಗವಾಯಿತೋ ಇಲ್ಲವೋ ಎಂಬುದನ್ನು ವೈದ್ಯರಲ್ಲದ ನಮ್ಮಂಥವರು ಹೇಗೆ ತಿಳಿಯಬೇಕು?

ಉತ್ತರ: ನೇರವಾದ ಉತ್ತರವನ್ನು ಮೊದಲು ಹೇಳಿ, ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ಟ್ಯಾಬ್ ಕೊಳ್ಳುವುದನ್ನು ಕನಿಷ್ಠ ಆರು ತಿಂಗಳು ಮುಂದಕ್ಕೆ ಹಾಕಿರಿ. ಸಿಸ್ಟರ್‌ಗಳನ್ನು ಬೇರೆ ಊರಿಗೆ ಕಳಿಸಿ ತರಬೇತಿ ಕೊಡಿಸುವುದಕ್ಕೂ ಈ ಹಣವನ್ನು ಬಳಸಬೇಡಿರಿ. ಆ ಕೆಲಸಕ್ಕೆ ಇಲಾಖೆಯಲ್ಲಿ ವ್ಯವಸ್ಥೆ ಇದೆ. ಹೆರಿಗೆ ಕೋಣೆಯ ಒಳಗೇ ವಾರಕ್ಕೊಮ್ಮೆ ನಡೆಯುವ ಅಭ್ಯಾಸಕ್ಕೆ, ಆ ಅಭ್ಯಾಸಕ್ಕೆ ಬೇಕಾದ ಸಾಮಾನುಗಳಿಗೆ ಮತ್ತು ಅಚ್ಚುಕಟ್ಟಾದ ಒಂದೇ ಒಂದು ಕೇಸ್ ಶೀಟಿಗೆ ಈ ಹಣ ಹೋಗಲಿ. ಆ ಶೀಟನ್ನು ತಾಯಿಯ ಮಂಚದ ಪಕ್ಕದಲ್ಲಿ, ಆರೈಕೆ ಮಾಡಿದವರೇ, ಆ ಹೊತ್ತಿನಲ್ಲೇ ತುಂಬುವ ರೂಢಿ ಬಿದ್ದ ಮೇಲೆ ಅದನ್ನು ಟ್ಯಾಬಿಗೆ ಏರಿಸುವುದು ದೊಡ್ಡ ಕೆಲಸವಲ್ಲ. ರೂಢಿ ಬೀಳುವ ಮೊದಲೇ ಟ್ಯಾಬ್ ಬಂದರೆ, ಈಗಾಗಲೇ ಮೇಜಿನ ಮೇಲಿರುವ ರಜಿಸ್ಟರ್‌ಗಳ ಸಾಲಿಗೆ ಅದೂ ಒಂದು ಸೇರುತ್ತದೆ, ಅಷ್ಟೇ.

ತರಬೇತಿ ಮತ್ತು ದಾಖಲೆ ಎರಡು ಬೇರೆ ಬೇರೆ ಕೆಲಸಗಳು ಎಂದು ತಮ್ಮ ಸಮಿತಿಯಲ್ಲಿ ಎರಡೂ ಪಕ್ಷದವರು ಒಪ್ಪಿಕೊಂಡಂತೆ ಕಾಣುತ್ತದೆ. ನಾನು ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ ಹೆರಿಗೆ ವೈದ್ಯೆಯಾಗಿ ಕಳೆದ ವರ್ಷಗಳಲ್ಲಿ ಕಲಿತದ್ದು, ಅವೆರಡೂ ಒಂದೇ ಕೆಲಸ ಎಂಬುದನ್ನು. ಇದನ್ನು ನನಗೆ ಮನದಟ್ಟು ಮಾಡಿಸಿದ ಒಂದು ರಾತ್ರಿಯ ಪ್ರಸಂಗವನ್ನು ಹೇಳುತ್ತೇನೆ.

ಚೊಚ್ಚಲ ಬಸುರಿಯೊಬ್ಬಳನ್ನು ಒಂದು ಹಳ್ಳಿಯ ಆರೋಗ್ಯ ಕೇಂದ್ರದಿಂದ 108ರಲ್ಲಿ ನಮ್ಮಲ್ಲಿಗೆ ಕಳಿಸಿದ್ದರು. ಅಲ್ಲಿ ಒಮ್ಮೆ ಫಿಟ್ಸ್ ಬಂದಿತ್ತು. ನಮ್ಮಲ್ಲಿಗೆ ಬಂದಾಗ ರಕ್ತದೊತ್ತಡ 170/116 ಇತ್ತು, ಹುಡುಗಿ ಅರೆಪ್ರಜ್ಞೆಯಲ್ಲಿದ್ದಳು. ಇಂಥ ಸ್ಥಿತಿಯಲ್ಲಿ ಕೊಡಬೇಕಾದ ಔಷಧ ಮೆಗ್ನೀಸಿಯಂ ಸಲ್ಫೇಟ್. ಹಳ್ಳಿಯ ಕೇಂದ್ರದಲ್ಲಿ ಕಳಿಸುವ ಮೊದಲು ಅದನ್ನು ಒಟ್ಟು 10 ಗ್ರಾಂ, ಎರಡೂ ಕುಂಡೆಗಳಿಗೆ ತಲಾ 5 ಗ್ರಾಂನಂತೆ ಕೊಟ್ಟು ಕಳಿಸಬೇಕೆಂಬುದು ನಿಯಮ. ಕೊಡದೆ ಇದ್ದರೆ ಫಿಟ್ಸ್ ಮರುಕಳಿಸಬಹುದು. ಕೊಟ್ಟದ್ದನ್ನೇ ಅರಿಯದೆ ಮತ್ತೊಮ್ಮೆ ಕೊಟ್ಟರೆ ಮೊದಲು ಮೊಣಕಾಲಿನ ಪ್ರತಿಕ್ರಿಯೆ ನಿಲ್ಲುತ್ತದೆ, ಆಮೇಲೆ ಉಸಿರೇ ನಿಲ್ಲಬಹುದು. ಅವಳ ಜೊತೆ ಬಂದ ರೆಫರಲ್ ಚೀಟಿಯಲ್ಲಿ ಇದ್ದದ್ದು ಇಷ್ಟೇ: "ಇಂಜೆಕ್ಷನ್ ನೀಡಲಾಗಿದೆ, ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ." ಯಾವ ಇಂಜೆಕ್ಷನ್, ಎಷ್ಟು, ಎಷ್ಟು ಗಂಟೆಗೆ, ಒಂದೂ ಇಲ್ಲ. ನಾವು ಟಾರ್ಚ್ ಹಿಡಿದು ಅವಳ ಮೈಮೇಲೆ ಸೂಜಿಯ ಗುರುತು ಹುಡುಕಿದೆವು. ಒಂದು ಕಡೆ ಕಂಡಿತು, ಇನ್ನೊಂದು ಕಡೆ ಕಾಣಲಿಲ್ಲ. ಜೊತೆಗೆ ಬಂದಿದ್ದ ಅತ್ತೆ, "ಎರಡು ಸಲ ಚುಚ್ಯಾರ ನೋಡ್ರಿ ಬಾಯಾರ, ಖರೆ ಯಾವ್ದಂತ ಗೊತ್ತಿಲ್ಲ" ಎಂದರು. ಆ ಸಿಸ್ಟರ್ ಫೋನಿಗೆ ಸಿಗುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಅಷ್ಟು ಹೊತ್ತು ಒಬ್ಬರು ಉಸಿರು ಎಣಿಸುತ್ತ, ಒಬ್ಬರು ಮೊಣಕಾಲು ತಟ್ಟಿ ನೋಡುತ್ತ, ಮೆಗ್ನೀಸಿಯಂ ಅತಿಯಾದರೆ ಕೊಡುವ ಪ್ರತ್ಯೌಷಧವಾದ ಕ್ಯಾಲ್ಸಿಯಂ ಗ್ಲುಕೋನೇಟನ್ನು ಸಿರಿಂಜಿನಲ್ಲಿ ತುಂಬಿಟ್ಟುಕೊಂಡು ನಿಂತಿದ್ದೆವು.

ಆ ಸಿಸ್ಟರ್ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಪ್ರಮಾಣ ಸರಿ, ಸ್ಥಳ ಸರಿ, ವೇಳೆ ಸರಿ. ಅವರಿಗೆ ಸಿಕ್ಕಿದ್ದ ತರಬೇತಿ ಕೈಗೆ ಇಳಿದಿತ್ತು. ಆದರೆ ಆ ಕೌಶಲ್ಯ ಅವರ ಹೆರಿಗೆ ಕೋಣೆಯ ಬಾಗಿಲಿನಲ್ಲೇ ನಿಂತುಬಿಟ್ಟಿತು. ಎಪ್ಪತ್ತು ಕಿಲೋಮೀಟರ್ ಈಚೆಗೆ ನಮ್ಮ ತನಕ ಬರಲಿಲ್ಲ. ತಾಯಿ ಉಳಿದಳು, ಮಗುವೂ ಉಳಿಯಿತು. ಅಂದಿನಿಂದ ನಾನು ದಾಖಲೆ ಎಂದರೆ ಮೇಲಿನವರಿಗೆ ಕಳಿಸುವ ವರದಿ ಎಂದು ಎಣಿಸುವುದನ್ನು ಬಿಟ್ಟೆ. ದಾಖಲೆ ಎಂದರೆ ಒಬ್ಬ ಸಿಸ್ಟರ್ ಮುಂದಿನ ಪಾಳಿಯ ಸಿಸ್ಟರ್‌ಗೆ, ಅಥವಾ ಮುಂದಿನ ಆಸ್ಪತ್ರೆಯ ವೈದ್ಯರಿಗೆ ಹೇಳುವ ಮಾತು.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ನೆಲದಲ್ಲಿಯೇ ಇದೆ, ಮತ್ತು ಟ್ಯಾಬ್ ಬೇಕೆನ್ನುವ ತಮ್ಮ ಸದಸ್ಯರು ಅದನ್ನು ತಿಳಿದಿರಬೇಕು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ಕ್ಲಿಪ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಆಶಾ ಕಾರ್ಯಕರ್ತೆಯರಿಗೂ ಸಹಾಯಕ ಶುಶ್ರೂಷಕಿಯರಿಗೂ ತರಬೇತಿ ಕೊಟ್ಟು, ಮೊಬೈಲ್‌ನಲ್ಲಿ ಒಂದು ಆ್ಯಪ್ ಕೊಟ್ಟು, ಮನೆಮನೆಗೆ ಹೋಗಿ ಬಸುರಿಯರ ಬಿಪಿ ಅಳೆದು, ಯಾರಿಗೆ ಅಪಾಯವಿದೆ ಎಂಬುದನ್ನು ಆ್ಯಪ್ ಹೇಳಿದಂತೆ ಗುರುತಿಸಿ, ಅಗತ್ಯವಿದ್ದವರಿಗೆ ಬಿಪಿ ಮಾತ್ರೆ ಮತ್ತು ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸುವ ಯೋಜನೆ ಅದು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರು ಅದರಲ್ಲಿದ್ದರು. ಒಟ್ಟು ಫಲಿತಾಂಶ ನೋಡಿದಾಗ, ಈ ಯೋಜನೆ ಇದ್ದ ಊರುಗಳಿಗೂ ಇಲ್ಲದ ಊರುಗಳಿಗೂ ತಾಯಿ-ಮಕ್ಕಳ ಸಾವು ಮತ್ತು ಗಂಭೀರ ತೊಂದರೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಭಾರತ, ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲಿ ನಡೆದ ಇದೇ ಅಧ್ಯಯನದ ಅಂಕಿಗಳನ್ನು ಕೂಡಿಸಿ ನೋಡಿದಾಗ ಮಾತ್ರ ಒಂದು ವಿಷಯ ಹೊರಬಂದಿತು: ಒಬ್ಬ ಗರ್ಭಿಣಿಯನ್ನು ಎಂಟು ಸಲ ಅಥವಾ ಹೆಚ್ಚು ಸಲ ಭೇಟಿಯಾಗಿದ್ದಲ್ಲಿ ಹೊಟ್ಟೆಯಲ್ಲೇ ಮಗು ಸಾಯುವ ಪ್ರಮಾಣವೂ ನವಜಾತ ಶಿಶುಗಳ ಸಾವೂ ಕಡಿಮೆ ಇದ್ದವು. ಅಂದರೆ ಆ್ಯಪ್ ಕೆಟ್ಟದಾಗಿರಲಿಲ್ಲ. ಅದನ್ನು ಹಿಡಿದ ಕೈ ಮತ್ತೆ ಮತ್ತೆ ಆ ಮನೆಯ ಬಾಗಿಲು ತಟ್ಟಿದಲ್ಲಿ ಫಲ ಕಂಡಿತು, ತಟ್ಟದಲ್ಲಿ ಕಾಣಲಿಲ್ಲ. ಈ ಅಧ್ಯಯನ ಸೋತಿತು ಎಂದು ನಾನು ಎಂದಿಗೂ ಹೇಳುವುದಿಲ್ಲ. ಉತ್ಸಾಹದಿಂದ ಟ್ಯಾಬ್ ಹಂಚುವವರಿಗೆ ಇದಕ್ಕಿಂತ ಪ್ರಾಮಾಣಿಕವಾದ ಪಾಠ ಬೇರೆ ಸಿಗದು.

ಇನ್ನು ರಕ್ತಸ್ರಾವದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅಳತೆ, ಬರವಣಿಗೆ ಮತ್ತು ಚಿಕಿತ್ಸೆ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಎಂಬುದನ್ನು ನಾವೆಲ್ಲ ಕಣ್ಣಳತೆಯಿಂದಲೇ ಹೇಳುತ್ತಿದ್ದೆವು. ಇಪ್ಪತ್ತು ವರ್ಷಗಳ ಹಿಂದೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಂಶೋಧಕರ ಜೊತೆ ಸೇರಿ, ತಾಯಿಯ ಕೆಳಗೆ ಹಾಸಿ ರಕ್ತವನ್ನು ಚೀಲದಲ್ಲಿ ಹಿಡಿಯುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಸನ್ನು ರೂಪಿಸಿದರು. ಅದರಿಂದ ಅಳೆದಾಗ, ಕಣ್ಣಳತೆಯಲ್ಲಿ ನಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಹೇಳುತ್ತಿದ್ದೇವೆ ಎಂದು ತಿಳಿಯಿತು. ಅದೇ ಹಾಸನ್ನು ಬಳಸಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಸಹಾಯಕ ಶುಶ್ರೂಷಕಿಯರೇ ಕೊಟ್ಟಾಗ ಅತಿ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಆ ಗುಳಿಗೆಯನ್ನು ಈ ಉಪಯೋಗಕ್ಕಾಗಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಯ ಸಿಸ್ಟರ್‌ಗಳು ಅಳೆದು ಬರೆದಿಟ್ಟ ಅಂಕಿಗಳು ಜಗತ್ತಿನ ತಾಯಂದಿರಿಗೆ ಉಪಕಾರ ಮಾಡಿದವು ಎಂದು ಹೇಳಲು ನನಗೆ ಹೆಮ್ಮೆ.

ಅಳತೆಯ ಹಾಸಿನ ಮುಂದಿನ ಅಧ್ಯಾಯ ಆಫ್ರಿಕದಲ್ಲಿ ನಡೆಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ ಮತ್ತು ಟಾಂಜಾನಿಯಾದ ಸುಮಾರು 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನದಲ್ಲಿ, ಅಳತೆಯ ಹಾಸಿನಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಗರ್ಭಕೋಶವನ್ನು ತಿಕ್ಕುವುದು, ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ತಪಾಸಣೆ ಇವನ್ನು ಒಂದಾದ ಮೇಲೊಂದು ಕಾಯದೆ ಒಟ್ಟಿಗೇ ಆರಂಭಿಸಲಾಯಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯಬೇಕಾದ ಶಸ್ತ್ರಚಿಕಿತ್ಸೆ ಅಥವಾ ಅದರಿಂದಾಗುವ ಸಾವು, ಈ ಮೂರೂ ಕೂಡಿದ ಪ್ರಮಾಣ ಶೇ 60ರಷ್ಟು ಕಡಿಮೆಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆದ ಅಂಕಿ ಬೇರೆ: ರೂಢಿಯ ಆರೈಕೆ ಇದ್ದ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವವಾದವರ ಪೈಕಿ ಅರ್ಧದಷ್ಟು ಜನರನ್ನು ಮಾತ್ರ ಗುರುತಿಸಲಾಗಿತ್ತು, ಹೊಸ ಪದ್ಧತಿ ಇದ್ದಲ್ಲಿ ನೂರಕ್ಕೆ ತೊಂಬತ್ತಮೂರು ಜನರನ್ನು ಗುರುತಿಸಲಾಯಿತು. ಚಿಕಿತ್ಸೆ ಗೊತ್ತಿದ್ದೂ ಅರ್ಧ ಜನರಿಗೆ ಅದು ಸಿಗುತ್ತಿರಲಿಲ್ಲ, ಏಕೆಂದರೆ ಯಾರೂ ಅಳೆದು ಬರೆಯುತ್ತಿರಲಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಹಾಸಿನ ಗೆರೆ ನೋಡಿ ಒಂದು ಅಂಕಿ ಬರೆಯುವುದು ಇಲ್ಲಿ ಗುಮಾಸ್ತಿಕೆಯಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಹೆರಿಗೆಯಾದ ಮೂರು ಗಂಟೆಯ ಒಳಗೆ ಸೇರಬೇಕು. ತಡವಾದ ಪ್ರತಿ ಹದಿನೈದು ನಿಮಿಷಕ್ಕೆ ಅದರ ಪ್ರಯೋಜನ ನೂರಕ್ಕೆ ಹತ್ತರಂತೆ ಕುಗ್ಗುತ್ತ ಹೋಗುತ್ತದೆ. ಹಾಗಾಗಿ ಹೆರಿಗೆಯ ಹೊತ್ತನ್ನು ಬರೆಯದ ಕೇಸ್ ಶೀಟು ಚಿಕಿತ್ಸೆಯನ್ನೇ ಕುರುಡು ಮಾಡುತ್ತದೆ.

ತರಬೇತಿಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಹಾಲ್‌ನಲ್ಲಿ ಕೂರಿಸಿ, ಪರದೆಯ ಮೇಲೆ ಚಿತ್ರ ತೋರಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುವ ತರಬೇತಿಯಿಂದ ತಿಳಿವಳಿಕೆ ಹೆಚ್ಚಬಹುದು, ಕೈ ಪಳಗುವುದಿಲ್ಲ. ಹುಟ್ಟಿದ ಕೂಡಲೇ ಅಳದ ಮಗುವಿಗೆ ಮೊದಲ ಒಂದು ನಿಮಿಷದಲ್ಲಿ ಉಸಿರು ತುಂಬುವ ತರಬೇತಿಯನ್ನು ಬೆಳಗಾವಿಯ ಸಂಶೋಧಕರು 599 ಹೆರಿಗೆ ಸಿಬ್ಬಂದಿಗೆ ಕೊಟ್ಟು ಪರಿಣಾಮವನ್ನು ಅಳೆದಿದ್ದಾರೆ. ಆಗಷ್ಟೇ ಸತ್ತು ಹುಟ್ಟಿದವು ಎಂದು ದಾಖಲಾಗುತ್ತಿದ್ದ ಮಕ್ಕಳ ಪ್ರಮಾಣ ಶೇ 1.7ರಿಂದ ಶೇ 0.9ಕ್ಕೆ ಇಳಿಯಿತು. ಅಂದರೆ ಹಿಂದೆ ಸತ್ತೇಹೋಗಿವೆ ಎಂದು ಬದಿಗಿಡುತ್ತಿದ್ದ ಮಕ್ಕಳಲ್ಲಿ ಕೆಲವರಿಗಾದರೂ ಜೀವವಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ಬೆಳಗಾವಿ, ನಾಗಪುರ ಮತ್ತು ಕೀನ್ಯಾದಲ್ಲಿ ತರಬೇತಿ ಪಡೆದವರನ್ನು ತಿಂಗಳುಗಳ ನಂತರ ಮತ್ತೆ ಪರೀಕ್ಷಿಸಿದಾಗ, ಪಾಠ ನೆನಪಿನಲ್ಲಿ ಉಳಿದಷ್ಟು ಮಗುವಿಗೆ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುವ ಕೈಚಳಕ ಉಳಿದಿರಲಿಲ್ಲ. ಮರುತರಬೇತಿಯಿಂದ ಅದು ಮತ್ತೆ ಬಂದಿತು. ರೊಟ್ಟಿ ಬಡಿಯುವುದನ್ನು ಯಾರೂ ಪುಸ್ತಕ ನೋಡಿ ಕಲಿಯುವುದಿಲ್ಲ, ವರ್ಷಕ್ಕೊಮ್ಮೆ ಬಡಿದು ಕೈ ಉಳಿಸಿಕೊಳ್ಳುವುದೂ ಇಲ್ಲ.

ಹಾಗಾದರೆ ಮೇಲ್ವಿಚಾರಕರು ಪಕ್ಕದಲ್ಲಿ ನಿಂತು ಕಲಿಸಿದರೆ ಸಾಕೇ? ಅದಕ್ಕೂ ಎರಡು ಅನುಭವಗಳಿವೆ. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಸುರಕ್ಷಿತ ಹೆರಿಗೆಯ ತಪಶೀಲು ಪಟ್ಟಿಯನ್ನು ಬಳಸಲು ತರಬೇತುದಾರರು ಬಂದು ಕಲಿಸಿದ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎರಡು ತಿಂಗಳಿಗೆ ಸಿಬ್ಬಂದಿ ಅಗತ್ಯ ಕ್ರಮಗಳಲ್ಲಿ ನೂರಕ್ಕೆ ಸುಮಾರು 73ನ್ನು ಪಾಲಿಸುತ್ತಿದ್ದರು. ಹನ್ನೆರಡು ತಿಂಗಳಿಗೆ, ತರಬೇತುದಾರರು ಹೋದ ಮೇಲೆ, ಅದು 62ರ ಆಸುಪಾಸಿಗೆ ಇಳಿದಿತ್ತು. ತಾಯಿ-ಮಕ್ಕಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡನೆಯದು ನಮ್ಮದು. ವಿಜಯಪುರ ಮತ್ತು ಬಾಗಲಕೋಟೆಯೂ ಸೇರಿದಂತೆ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ಕೆಲಸ ಮಾಡಿದ ಸುಕ್ಷೇಮ ಯೋಜನೆಯಲ್ಲಿ, ಅನುಭವಿ ನರ್ಸ್‌ಗಳನ್ನೇ ಮಾರ್ಗದರ್ಶಕಿಯರನ್ನಾಗಿ ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಲಾಯಿತು. ಬಳ್ಳಾರಿ ಮತ್ತು ಕಲಬುರಗಿಯ 108 ಕೇಂದ್ರಗಳಲ್ಲಿ ಅರ್ಧಕ್ಕೆ ಮಾರ್ಗದರ್ಶಕಿಯರು ಹೋದರು, ಅರ್ಧಕ್ಕೆ ಹೋಗಲಿಲ್ಲ; ಹೋದ ಕಡೆ ಸಿಬ್ಬಂದಿಯ ತಿಳಿವಳಿಕೆ, ಔಷಧ-ಸಾಮಾನುಗಳ ಸಿದ್ಧತೆ, ತೊಂದರೆಗಳನ್ನು ಗುರುತಿಸಿ ಸರಿಯಾಗಿ ಕಳಿಸುವ ಕ್ರಮ ಎಲ್ಲವೂ ಸುಧಾರಿಸಿದವು. ಆ ಮಾರ್ಗದರ್ಶಕಿಯರ ಕೈಯಲ್ಲಿದ್ದ ಮುಖ್ಯ ಸಾಧನ ಒಂದು ಹೊಸ ಕೇಸ್ ಶೀಟು. ಅದು ಖಾಲಿ ಕಾಗದವಾಗಿರದೆ, ಮುಂದೆ ಏನು ಮಾಡಬೇಕು ಎಂಬುದನ್ನು ಸಿಸ್ಟರ್‌ಗೆ ನೆನಪಿಸುವಂತಿತ್ತು. ಬರೆಯುವುದೇ ಕಲಿಯುವುದೂ ಆಗಿತ್ತು. ತರಬೇತಿ ಮತ್ತು ದಾಖಲೆ ಒಂದೇ ಕೆಲಸ ಎಂದು ನಾನು ಮೇಲೆ ಹೇಳಿದ ಮಾತಿಗೆ ಇದೇ ಆಧಾರ.

ಈಗ ಸಿಸ್ಟರ್‌ಗಳ ದೂರನ್ನು ಗಂಭೀರವಾಗಿ ತೆಗೆದುಕೊಳ್ಳೋಣ, ಏಕೆಂದರೆ ಅದು ನಿಜ. ಒಬ್ಬ ತಾಯಿಯ ಹೆಸರು, ವಯಸ್ಸು, ಗಂಡನ ಹೆಸರು, ಎಷ್ಟನೆಯ ಹೆರಿಗೆ ಎಂಬ ವಿವರಗಳನ್ನು ತಾಯಿ ಕಾರ್ಡಿನಲ್ಲಿ, ದಾಖಲಾತಿ ಪುಸ್ತಕದಲ್ಲಿ, ಕೇಸ್ ಶೀಟಿನಲ್ಲಿ, ಹೆರಿಗೆ ರಜಿಸ್ಟರಿನಲ್ಲಿ, ಜನನಿ ಸುರಕ್ಷಾ ಯೋಜನೆಯ ಹಣದ ಅರ್ಜಿಯಲ್ಲಿ, ಜನನ ನೋಂದಣಿಯಲ್ಲಿ, ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಯಬೇಕಾಗುತ್ತದೆ. ಆಮೇಲೆ ಡಾಟಾ ಎಂಟ್ರಿ ಆಪರೇಟರ್ ಅದನ್ನೇ ತಾಯಿ-ಮಕ್ಕಳ ಆರೋಗ್ಯದ ಸರ್ಕಾರಿ ಜಾಲತಾಣವಾದ ಆರ್‌ಸಿಎಚ್ ಪೋರ್ಟಲಿಗೆ ಏರಿಸುತ್ತಾರೆ, ಕೆಲವೊಮ್ಮೆ ತಾಯಿ ಮನೆಗೆ ಹೋಗಿ ಎಷ್ಟೋ ದಿನಗಳಾದ ಮೇಲೆ. ಹೀಗೆ ಏರಿದ ಡಿಜಿಟಲ್ ದಾಖಲೆಯಿಂದ ಆ ತಾಯಿಗೆ ಏನೂ ಪ್ರಯೋಜನವಿಲ್ಲ. ಅದು ಲೆಕ್ಕಕ್ಕೆ ಮಾತ್ರ. ಬರೆಯುವ ಹೊರೆ ಅತಿಯಾದಾಗ ಸುಳ್ಳು ಹುಟ್ಟುತ್ತದೆ. ಎರಡು ಪಾಳಿಯ ಕೆಲಸವನ್ನು ಒಬ್ಬರೇ ಮಾಡುವಾಗ ಯಾರಿಂದಾದರೂ ಆಗುವ ತಪ್ಪದು, ಅದಕ್ಕಾಗಿ ಸಿಸ್ಟರ್‌ಗಳನ್ನು ಕೆಟ್ಟವರೆನ್ನಬಾರದು. ಹೆರಿಗೆ ನೋವಿನ ಪ್ರಗತಿಯನ್ನು ಗಂಟೆಗಂಟೆಗೆ ಗುರುತಿಸಬೇಕಾದ ಪಾರ್ಟೋಗ್ರಾಫನ್ನು ಮಗು ಹುಟ್ಟಿದ ಮೇಲೆ ಕೂತು ಒಂದೇ ಪೆನ್ನಿನಲ್ಲಿ ತುಂಬಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಹೊಸ ಹೆರಿಗೆ ಆರೈಕೆ ಹಾಳೆ ಇದಕ್ಕಿಂತ ಉಪಯುಕ್ತವಾದುದು. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಅದರಲ್ಲಿ ಬರೆಯಲು ಆರಂಭಿಸುತ್ತಾರೆ. ತಾಯಿಗೆ ಜೊತೆಗಾರ್ತಿ ಇದ್ದಾಳೆಯೇ, ನೀರು ಕುಡಿದಳೇ ಎಂಬುದನ್ನೂ ಅದು ಕೇಳುತ್ತದೆ. ಬೆಳಗಾವಿಯ ಸಂಶೋಧಕರೂ ಪಾಲ್ಗೊಂಡು ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಆ ಹಾಳೆಯನ್ನು ತರಬೇತಿ ಮತ್ತು ನಿಯಮಿತ ಪರಾಮರ್ಶೆಯ ಜೊತೆ ಬಳಸಲಾಯಿತು. ಅದು ಕಾಗದದ ಹಾಳೆಯೇ.

ಆದ್ದರಿಂದ ದಾನದ ಹಣದಲ್ಲಿ ನಾನು ಮೊದಲು ಕೊಳ್ಳುವುದು ಅಳತೆಯ ಗೆರೆಗಳಿರುವ ರಕ್ತದ ಹಾಸುಗಳನ್ನು, ಸರಿಯಾಗಿ ತೋರಿಸುವ ಎರಡು ಬಿಪಿ ಯಂತ್ರಗಳನ್ನು, ದಪ್ಪ ತೋಳಿಗೂ ಸಣ್ಣ ತೋಳಿಗೂ ಆಗುವ ಪಟ್ಟಿಗಳ ಸಮೇತ, ಸೆಕೆಂಡ್ ಮುಳ್ಳಿರುವ ದೊಡ್ಡ ಗೋಡೆ ಗಡಿಯಾರವನ್ನು, ಅಭ್ಯಾಸದ ಗೊಂಬೆಯನ್ನು. ಆಕ್ಸಿಟೋಸಿನ್ ಇಡುವ ಫ್ರಿಜ್ಜಿಗೆ ಇನ್ವರ್ಟರ್ ಸಂಪರ್ಕ ಇದೆಯೇ ಎಂದು ಈ ವಾರವೇ ಕೇಳಿರಿ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ, ಕರೆಂಟ್ ಹೋದ ಮಧ್ಯಾಹ್ನಗಳಲ್ಲಿ, ಹೊರಗೆ ಬಿದ್ದ ಆಕ್ಸಿಟೋಸಿನ್ ಶಕ್ತಿ ಕಳೆದುಕೊಂಡರೆ ಎಂಥ ತರಬೇತಿಯೂ ರಕ್ತ ನಿಲ್ಲಿಸಲಾರದು.

ವಾರದ ಅಭ್ಯಾಸ ಇಪ್ಪತ್ತು ನಿಮಿಷ ಮೀರಬಾರದು. ಗುರುವಾರ ಲಸಿಕೆಯ ದಿನ, ತಿಂಗಳ 9ನೇ ತಾರೀಖು ಗರ್ಭಿಣಿಯರ ವಿಶೇಷ ತಪಾಸಣೆಯ ದಿನ. ಅವನ್ನು ಬಿಟ್ಟು ಪಾಳಿ ಬದಲಾಗುವ ಮಧ್ಯಾಹ್ನದ ಹೊತ್ತನ್ನು ಹಿಡಿದರೆ ಎರಡು ಪಾಳಿಯವರು ಸಿಗುತ್ತಾರೆ. ಹಾಸಿನ ಚೀಲಕ್ಕೆ ಕುಂಕುಮ ಕಲಸಿದ ನೀರನ್ನು ಹೇಳದೆ ಕೇಳದೆ ಸುರಿಯುತ್ತ ಹೋಗಬೇಕು. 300 ಮಿಲಿಲೀಟರ್ ದಾಟಿದಾಗ ನಾಡಿ-ಬಿಪಿ ನೋಡುತ್ತಾರೆಯೇ, 500 ದಾಟಿದ ಕೂಡಲೇ ಕೂಗಿ ಸಹಾಯ ಕರೆಯುತ್ತಾರೆಯೇ, ಯಾರು ಔಷಧ ತರುತ್ತಾರೆ, ಯಾರು ಗಡಿಯಾರ ನೋಡಿ ಬರೆಯುತ್ತಾರೆ, ಆಯಾ ಎಲ್ಲಿಗೆ ಓಡಬೇಕು, 108ಕ್ಕೆ ಯಾರು ಫೋನ್ ಮಾಡಬೇಕು ಎಂಬುದೆಲ್ಲ ಅಲ್ಲಿ ನಿಜವಾಗಿ ನಡೆಯಬೇಕು. ಬರೆಯುವವರು ಅಂದು ಬರೆಯುವುದೂ ನಿಜವಾದ ಕೇಸ್ ಶೀಟಿನ ಮೇಲೆಯೇ. ಒಂದು ವಾರ ರಕ್ತಸ್ರಾವ, ಒಂದು ವಾರ ಫಿಟ್ಸ್, ಒಂದು ವಾರ ಅಳದ ಮಗು, ಒಂದು ವಾರ ರೆಫರಲ್ ಚೀಟಿ ಬರೆಯುವ ಅಭ್ಯಾಸ. ಆ ಕೊನೆಯದನ್ನು ಬಿಡಬೇಡಿರಿ ಎಂದು ಕೈಮುಗಿದು ಕೇಳುತ್ತೇನೆ. ತಪ್ಪು ಮಾಡಿದವರನ್ನು ಅಲ್ಲಿ ಬೈಯಬಾರದು. ಬೈಸಿಕೊಂಡವರು ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾರೆ, ಆಗ ದಾಖಲೆಯೂ ಕೆಡುತ್ತದೆ.

ಆರು ತಿಂಗಳ ನಂತರ ಡಿಜಿಟಲ್ ಕಡೆಗೆ ಹೋಗುವಾಗ ನೋಡಬೇಕಾದ ಕೆಲವು ಸಂಗತಿಗಳಿವೆ. ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ತಂತ್ರಾಂಶವೇ ಬೇಕು; ಖಾನಾಪುರದ ಕಾಡಿನ ಊರುಗಳಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ ನೋಡಿರಿ. ಒಂದು ಸಲ ಬರೆದ ಹೆಸರು ಉಳಿದ ಎಲ್ಲ ನಮೂನೆಗಳಿಗೂ ತಾನೇ ಹೋಗಬೇಕು, ಮತ್ತು ಟ್ಯಾಬ್ ಬಂದ ದಿನ ಕನಿಷ್ಠ ಎರಡು ರಜಿಸ್ಟರ್‌ಗಳಾದರೂ ನಿಲ್ಲಬೇಕು. ಇದಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಬಿಪಿ 160/110 ಎಂದು ಬರೆದ ಕೂಡಲೇ ಪರದೆ ಕೆಂಪಾಗಿ ಎಚ್ಚರಿಸಬೇಕು. ಕೊಟ್ಟ ಸಲೈನ್ ಮತ್ತು ಔಷಧದ ಬ್ಯಾಚ್ ನಂಬರ್ ಬರೆಯುವ ಜಾಗ ಇರಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಯಾವ ತಾಯಿಗೆ ಯಾವ ಬ್ಯಾಚಿನ ಬಾಟಲಿ ಹೋಯಿತು ಎಂಬುದು ಕ್ಷಣದಲ್ಲಿ ತಿಳಿಯುವಂತಿದ್ದರೆ, ಮೊದಲ ಅನುಮಾನ ಬಂದಾಗಲೇ ಉಳಿದ ಬಾಟಲಿಗಳನ್ನು ಬದಿಗಿಡಬಹುದು. ಕಾಗದಕ್ಕಿಂತ ಕಂಪ್ಯೂಟರ್ ನಿಸ್ಸಂದೇಹವಾಗಿ ಮೇಲು ಎನ್ನಬಹುದಾದ ಕೆಲಸ ಇದು.

ನಮ್ಮ ಕಡೆಯ ಇನ್ನೊಂದು ರೀತಿಯನ್ನು ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವವರು ಮರೆಯುತ್ತಾರೆ. ಕುಬಸ ಆದ ಮೇಲೆ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಸಿಂದಗಿಯ ಹಳ್ಳಿಯಲ್ಲಿ ಏಳು ತಿಂಗಳು ತೋರಿಸಿಕೊಂಡವಳು ಮುಧೋಳದಲ್ಲಿ ಹಡೆಯುತ್ತಾಳೆ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬಂದವಳಿಗೆ ಊರೇ ಸ್ಥಿರವಿಲ್ಲ. ಅಥಣಿ, ಚಡಚಣದ ಕಡೆಯವರು ತೊಂದರೆಯಾದರೆ ಮಿರಜಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ, ಅಲ್ಲಿ ರಾಜ್ಯವೇ ಬೇರೆ. ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆಯ ಉದ್ದೇಶ ಇಂಥ ಕಡೆ ದಾಖಲೆ ತಾಯಿಯ ಹಿಂದೆಯೇ ಹೋಗಲಿ ಎಂಬುದು, ಮತ್ತು ಅದು ಒಳ್ಳೆಯ ಉದ್ದೇಶ. ಆದರೆ ಅದನ್ನು ಪಡೆಯುವುದು ಅವಳ ಇಚ್ಛೆಗೆ ಬಿಟ್ಟದ್ದು. ಅದಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸಬಾರದು. ಎರಡೂ ಕಡೆಯ ಆಸ್ಪತ್ರೆಗಳ ವ್ಯವಸ್ಥೆ ಕೂಡುವ ತನಕ, ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಹಿಂದಿನ ಸಿಸೇರಿಯನ್, ಕೊಟ್ಟ ಔಷಧ ಮತ್ತು ಅದರ ಹೊತ್ತು, ಇಷ್ಟನ್ನು ಸ್ಪಷ್ಟವಾಗಿ ಬರೆದ ಒಂದು ಹಾಳೆ ಅವಳ ಸೆರಗಿನಲ್ಲಿ ಇರಲೇಬೇಕು. ಹಾಗೆಯೇ ತಾಯಿ ಕಾರ್ಡುಗಳ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವ ಅಭ್ಯಾಸ ಕೂಡಲೇ ನಿಲ್ಲಬೇಕು. ಎಚ್‌ಐವಿ ಪರೀಕ್ಷೆಯ ಫಲಿತಾಂಶ, ಹಿಂದಿನ ಗರ್ಭಪಾತ, ಇಂಥವು ಹೊರಬಿದ್ದರೆ ಅತ್ತೆಯ ಮನೆಯಲ್ಲಿ ಅವಳ ಬಾಳು ಏನಾಗುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಕೊನೆಗೆ, ಫಲ ಸಿಕ್ಕಿತೋ ಇಲ್ಲವೋ ತಿಳಿಯುವುದು ಹೇಗೆ ಎಂಬ ಪ್ರಶ್ನೆ. ಸಾವುಗಳನ್ನು ಎಣಿಸಿ ತಿಳಿಯಲು ಹೋಗಬೇಡಿರಿ. 2018-20ರ ಮಾದರಿ ನೋಂದಣಿ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು, ದೇಶದಲ್ಲಿ 97. ವರ್ಷಕ್ಕೆ 600 ಹೆರಿಗೆಯಾಗುವ ಒಂದು ಕೇಂದ್ರದಲ್ಲಿ ಈ ಲೆಕ್ಕಕ್ಕೆ ಎರಡು-ಮೂರು ವರ್ಷಕ್ಕೊಂದು ಸಾವು ಬರುತ್ತದೆ. ಒಂದು ವರ್ಷ ಸಾವೇ ಆಗಲಿಲ್ಲವೆಂದರೆ ಆರೈಕೆ ಸುಧಾರಿಸಿತೆಂದು ಅರ್ಥವಲ್ಲ, ಒಂದು ಆಯಿತೆಂದರೆ ಕೆಟ್ಟಿತೆಂದೂ ಅಲ್ಲ. ಆದರೆ ಆದ ಪ್ರತಿಯೊಂದು ಸಾವನ್ನೂ, ಕೂದಲೆಳೆಯಲ್ಲಿ ತಪ್ಪಿದ ಪ್ರತಿಯೊಂದು ಸಾವನ್ನೂ ಕುಳಿತು ಪರಾಮರ್ಶಿಸಬೇಕು.

ತಾವು ನೋಡಬಹುದಾದದ್ದು ಬೇರೆ ಇದೆ, ಮತ್ತು ಮಕ್ಕಳ ಉತ್ತರಪತ್ರಿಕೆ ತಿದ್ದಿದ ತಮಗೆ ಅದು ಸುಲಭ. ತಿಂಗಳಿಗೊಮ್ಮೆ ವೈದ್ಯಾಧಿಕಾರಿಗಳಿಂದ ಹೆಸರು ಮುಚ್ಚಿದ ಇಪ್ಪತ್ತು ಕೇಸ್ ಶೀಟುಗಳನ್ನು ಕೇಳಿ ಪಡೆಯಿರಿ. ಬಿಪಿಯ ಅಂಕಿಗಳೆಲ್ಲ 110/70, 120/80 ಎಂದೇ ಸೊನ್ನೆಯಲ್ಲಿ ಮುಗಿದಿದ್ದರೆ, ಯಂತ್ರ ಹಚ್ಚದೆ ಬರೆದಿರುವ ಸಂಭವ ಹೆಚ್ಚು. 126/78, 134/86 ಎಂಬಂಥ ಅಂಕಿಗಳು ಬರತೊಡಗಿದರೆ ಯಾರೋ ನಿಜವಾಗಿ ಅಳೆಯುತ್ತಿದ್ದಾರೆ. ಹೆರಿಗೆಯ ಹೊತ್ತು, ಆಕ್ಸಿಟೋಸಿನ್ ಕೊಟ್ಟ ಹೊತ್ತು, ರಕ್ತದ ಅಳತೆ ಮೂರೂ ಎಷ್ಟು ಶೀಟುಗಳಲ್ಲಿವೆ ಎಂದು ಎಣಿಸಿರಿ. ರಕ್ತದ ಅಳತೆ ಎಲ್ಲರಿಗೂ 200 ಎಂದೇ ಇದ್ದರೆ ಹಾಸು ಕಪಾಟಿನಲ್ಲಿಯೇ ಇದೆ ಎಂದು ತಿಳಿಯಿರಿ. ಹಾಸು ಬಳಕೆಗೆ ಬಂದ ಮೊದಲ ತಿಂಗಳುಗಳಲ್ಲಿ ಅತಿ ರಕ್ತಸ್ರಾವದ ಪ್ರಕರಣಗಳು ಲೆಕ್ಕದಲ್ಲಿ ಹೆಚ್ಚುತ್ತವೆ. ಸಮಿತಿಯವರು ಗಾಬರಿಯಾಗಿ ಸಿಸ್ಟರ್‌ಗಳನ್ನು ಪ್ರಶ್ನಿಸದಂತೆ ತಾವು ನೋಡಿಕೊಳ್ಳಬೇಕು, ಏಕೆಂದರೆ ಅದುವರೆಗೆ ಕಾಣದೇ ಹೋಗುತ್ತಿದ್ದುದು ಆಗ ಕಾಣುತ್ತಿರುತ್ತದೆ. ಕಳಿಸಿದ ತಾಯಂದಿರ ರೆಫರಲ್ ಚೀಟಿಗಳ ಕಾರ್ಬನ್ ಪ್ರತಿಗಳಲ್ಲಿ ಔಷಧದ ಹೆಸರು, ಪ್ರಮಾಣ, ಹೊತ್ತು ಇವೆಯೇ ಎಂದು ಪ್ರತಿಯೊಂದನ್ನೂ ನೋಡಿರಿ. ನೂರಕ್ಕೆ ನೂರು ಬರುವ ತನಕ ಆ ಅಭ್ಯಾಸ ನಡೆಯಲಿ.

ಮುಂದಿನ ಸಭೆಗೆ ಒಂದು ಕೆಲಸ ಮಾಡಿರಿ. ಹೆರಿಗೆ ವಿಭಾಗದಲ್ಲಿ ಬಳಸುವ ಎಲ್ಲ ರಜಿಸ್ಟರ್ ಮತ್ತು ನಮೂನೆಗಳ ಖಾಲಿ ಪ್ರತಿಗಳನ್ನು ತರಿಸಿ, ಟ್ಯಾಬ್ ಬೇಕೆನ್ನುವ ಸದಸ್ಯರೊಬ್ಬರ ಕೈಗೆ ಪೆನ್ನು ಕೊಟ್ಟು, ಒಬ್ಬ ಕಲ್ಪಿತ ತಾಯಿಯ ವಿವರಗಳನ್ನು ಅವುಗಳಲ್ಲೆಲ್ಲ ತುಂಬಲು ಹೇಳಿರಿ. ಪಕ್ಕದಲ್ಲಿ ಒಬ್ಬ ಸಿಸ್ಟರ್ ಕುಳಿತು ಗಡಿಯಾರ ನೋಡಲಿ. ಎಷ್ಟು ನಿಮಿಷ ಹಿಡಿಯಿತು, ಹೆಸರನ್ನು ಎಷ್ಟು ಸಲ ಬರೆಯಬೇಕಾಯಿತು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಅದರ ಪ್ರತಿಯನ್ನು ಲಗತ್ತಿಸಿಯೇ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ರಜಿಸ್ಟರ್‌ಗಳನ್ನು ಕಡಿಮೆ ಮಾಡುವ ಮನವಿಯನ್ನು ಕಳಿಸಿರಿ. ಹಾಸುಗಳು ಎಲ್ಲಿ ಸಿಗುತ್ತವೆ, ಕೇಸ್ ಶೀಟು ಹೇಗಿರಬೇಕು ಎಂಬ ಬಗ್ಗೆ ತಮ್ಮ ವೈದ್ಯಾಧಿಕಾರಿಗಳು ಬರೆದರೆ ಅವರೊಡನೆ ಕುಳಿತು ನಿರ್ಧರಿಸಲು ನಾನು ಜಮಖಂಡಿಗೇ ಬರುತ್ತೇನೆ.